ಪಂದ್ಯಕ್ಕೂ ಮೊದಲೇ ಬರೆದಿಡುವ ಆಟ: ಫುಟ್‌ಬಾಲ್ ಸಿಮ್ಯುಲೇಶನ್‌ನಲ್ಲಿ ಪ್ಲೇ ಕಾಲಿಂಗ್

ಅಮೆರಿಕನ್ ಫುಟ್‌ಬಾಲ್‌ನ ಕಂಪ್ಯೂಟರ್ ಆಟಗಳಲ್ಲಿ ಎರಡು ಬಗೆ. ಒಂದು ಮ್ಯಾಡನ್ ತರಹದ್ದು. ಕೈಯಲ್ಲಿ ಕಂಟ್ರೋಲರ್ ಹಿಡಿದು, ಪ್ರತಿ ಸಲ ಒಂದು ಪ್ಲೇ (ಆ ಸಲ ಯಾರು ಏನು ಮಾಡಬೇಕು ಎಂಬ ಯೋಜನೆ) ಆರಿಸಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ನೀವೇ ಓಡಿಸುತ್ತೀರಿ. ಇನ್ನೊಂದು ಬಗೆಯಲ್ಲಿ ಕಂಟ್ರೋಲರ್‌ಗೆ ಕೆಲಸವೇ ಇಲ್ಲ. ಜಿಮ್ ಗಿಂಡಿನ್ 1998ರಲ್ಲಿ ಹೊರತಂದ ಫ್ರಂಟ್ ಆಫೀಸ್ ಫುಟ್‌ಬಾಲ್, ಬ್ರೌಸರ್‌ನಲ್ಲಿ ಆಡುವ ಗೋಲ್ ಲೈನ್ ಬ್ಲಿಟ್ಜ್, ಇವೆಲ್ಲ ಈ ಎರಡನೇ ಸಾಲಿಗೆ ಸೇರಿದವು. ಇಲ್ಲಿ ತಂಡ ನಡೆಸುವುದಷ್ಟೇ ನಿಮ್ಮ ಪಾಲು. ಆನ್‌ಲೈನ್ ಲೀಗ್‌ನಲ್ಲಿ ಎದುರು ತಂಡವನ್ನು ನಡೆಸುವವರೂ ನಿಮ್ಮ ಹಾಗೇ ಎಲ್ಲೋ ಕೂತ ಒಬ್ಬ ಮನುಷ್ಯ. ಇಬ್ಬರೂ ತಮ್ಮ ಗೇಮ್ ಪ್ಲಾನ್ ಬರೆದು ಕಳಿಸುತ್ತೀರಿ. ಹೇಳಿದ ಹೊತ್ತಿಗೆ ಪಂದ್ಯ ತಾನಾಗಿಯೇ ನಡೆದು ಮುಗಿಯುತ್ತದೆ. ಅಮೆರಿಕದ ಸಂಜೆಗೆ ಇಟ್ಟ ಪಂದ್ಯವಾದರೆ, ಬೆಂಗಳೂರಿನಿಂದ ಆಡುವವರು ಆಗ ಬೆಳಗಿನ ಜಾವದ ನಿದ್ದೆಯಲ್ಲಿರುತ್ತಾರೆ.

ಅಂದರೆ ಪಂದ್ಯದ ನಡುವೆ "ಅಯ್ಯೋ, ಈಗ ಓಡಿಸಬೇಕಿತ್ತು" ಅಂತ ಬದಲಾಯಿಸೋಕೆ ನೀವು ಅಲ್ಲಿರುವುದಿಲ್ಲ. ನಿಮ್ಮ ಪರವಾಗಿ ಮಾತಾಡುವುದು ನೀವು ಬರೆದಿಟ್ಟ ನಿಯಮಗಳು ಮಾತ್ರ. ಇಂಥ ಸ್ಥಿತಿ ಬಂದರೆ ಇಂಥ ಪ್ಲೇಗಳು, ಇಷ್ಟಿಷ್ಟು ಪ್ರಮಾಣದಲ್ಲಿ. ಹೊಸದಾಗಿ ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆ: "ಎಲ್ಲಕ್ಕಿಂತ ಒಳ್ಳೆ ಪ್ಲೇ ಯಾವುದು?" ಈ ಪ್ರಶ್ನೆಗೆ ಉತ್ತರ ಇಲ್ಲ. ಒಂದು ಪ್ಲೇ ಎಷ್ಟು ಒಳ್ಳೆಯದು ಅನ್ನುವುದನ್ನು ಅರ್ಧ ನಿರ್ಧರಿಸುವುದು ಎದುರಾಳಿ ಏನು ನಿರೀಕ್ಷಿಸುತ್ತಿದ್ದಾನೆ ಎಂಬುದು. ಉಳಿದರ್ಧ ನಿರ್ಧರಿಸುವುದು ಸ್ಕೋರು, ಗಡಿಯಾರ ಮತ್ತು ಚೆಂಡು ಎಲ್ಲಿದೆ ಎಂಬುದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನ 100 ಯಾರ್ಡ್, ತಂಡಕ್ಕೆ 11 ಜನ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ನಾಲ್ಕರೊಳಗೆ 10 ಯಾರ್ಡ್ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಆಗದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ನಾಲ್ಕನೇ ಡೌನ್ ಬಂತೆಂದರೆ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದುಬಿಡುತ್ತಾರೆ, ಅದು ಪಂಟ್. ಗೋಲ್ ಹತ್ತಿರ ಇದ್ದರೆ ಕಂಬಗಳ ನಡುವೆ ಒದೆಯುತ್ತಾರೆ, ಅದು ಫೀಲ್ಡ್ ಗೋಲ್, 3 ಪಾಯಿಂಟ್. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6. ಮುಂದೆ ಹೋಗುವುದಕ್ಕೆ ದಾರಿ ಎರಡು. ಚೆಂಡು ಹಿಡಿದು ಓಡುವುದು ರನ್, ಎಸೆಯುವುದು ಪಾಸ್.

ಯಾವುದು ಗೆಲುವು, ಯಾವುದು ಸೋಲು

ಒಂದು ಪ್ಲೇ 4 ಯಾರ್ಡ್ ತಂದಿತು ಅಂದುಕೊಳ್ಳಿ. ಒಳ್ಳೆಯದಾ, ಕೆಟ್ಟದ್ದಾ? ಮೊದಲ ಡೌನ್‌ನಲ್ಲಿ 10 ಬೇಕಿದ್ದಾಗ 4 ಬಂದರೆ ಪರವಾಗಿಲ್ಲ. ಮೂರನೇ ಡೌನ್‌ನಲ್ಲಿ 5 ಬೇಕಿದ್ದಾಗ 4 ಬಂದರೆ ಅದು ಸೊನ್ನೆಗೆ ಸಮ. ಲೆಕ್ಕ ಇಡುವವರು ಬಹಳ ಕಾಲದಿಂದ ಬಳಸುವ ಒಂದು ಅಳತೆ ಇದೆ. ಮೊದಲ ಡೌನ್‌ನಲ್ಲಿ ಬೇಕಾದದ್ದರ 40%, ಎರಡನೆಯದರಲ್ಲಿ 60%, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ 100% ಬಂದರೆ ಮಾತ್ರ ಆ ಪ್ಲೇ ಗೆದ್ದಂತೆ. ಆಟ ಕೊಡುವ ಸರಾಸರಿ ಯಾರ್ಡ್ ಪಟ್ಟಿಗಿಂತ ಈ ಅಳತೆ ಎಷ್ಟೋ ಮೇಲು. ನಿಮ್ಮ ಪ್ಲೇಬುಕ್‌ನ ಪ್ರತಿ ಪ್ಲೇಗೂ ಹೀಗೆ ಗೆಲುವಿನ ಪ್ರಮಾಣ ಬರೆದಿಟ್ಟುಕೊಳ್ಳಿ.

ಸರಾಸರಿ ಯಾಕೆ ಮೋಸ ಮಾಡುತ್ತದೆ ನೋಡಿ. ಮೂರನೇ ಡೌನ್, 2 ಯಾರ್ಡ್ ಬೇಕು. ಒಂದು ದೂರದ ಪಾಸ್ ಇದೆ: ಮೂರರಲ್ಲಿ ಒಂದು ಸಲ ಕೈಗೆ ಸಿಗುತ್ತದೆ, ಸಿಕ್ಕಾಗ 27 ಯಾರ್ಡ್. ಸರಾಸರಿ 9. ಇನ್ನೊಂದು, ನಡುಮಧ್ಯೆ ನುಗ್ಗುವ ರನ್: ಸರಾಸರಿ ಬರೀ 3, ಆದರೆ ಮೂರರಲ್ಲಿ ಎರಡು ಸಲ 2 ಯಾರ್ಡ್ ದಾಟುತ್ತದೆ. ಸರಾಸರಿ ನೋಡಿ ಪಾಸ್ ಆರಿಸಿದವರು ಮೂರರಲ್ಲಿ ಎರಡು ಸಲ ಚೆಂಡು ಕಳೆದುಕೊಳ್ಳುತ್ತಾರೆ. ಮೊದಲ ಡೌನ್‌ನಲ್ಲಿ ಇದೇ ಪಾಸ್ ಎಸೆದರೆ ಅಷ್ಟು ನಷ್ಟವಿಲ್ಲ. ತಪ್ಪಿದರೂ ಕೈಯಲ್ಲಿ ಇನ್ನೂ ಎರಡು ಮೂರು ಅವಕಾಶ ಇರುತ್ತದೆ.

ಚೆಂಡು ಎಲ್ಲಿದೆ ಅನ್ನುವುದಕ್ಕೂ ಬೆಲೆ ಕಟ್ಟಬಹುದು. 1971ರಲ್ಲಿ ವರ್ಜಿಲ್ ಕಾರ್ಟರ್ ಮತ್ತು ರಾಬರ್ಟ್ ಮೇಕಾಲ್ ಎಂಬಿಬ್ಬರು ಇದನ್ನು ಲೆಕ್ಕ ಹಾಕಿದರು. 1969ರ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯಗಳನ್ನು ತೆಗೆದುಕೊಂಡು, ಇಂಥ ಜಾಗದಲ್ಲಿ ಮೊದಲ ಡೌನ್ ಸಿಕ್ಕರೆ ಮುಂದಿನ ಸ್ಕೋರಿನಿಂದ ಸರಾಸರಿ ಎಷ್ಟು ಪಾಯಿಂಟ್ ಎಂದು ಪಟ್ಟಿ ಮಾಡಿದರು. ಎದುರಾಳಿಯ 5 ಯಾರ್ಡ್ ಗೆರೆಯ ಹತ್ತಿರ, ಅಂದರೆ ಅವರ ಗೋಲ್‌ಗೆ 5 ಯಾರ್ಡ್ ಇರುವಾಗ, ಸುಮಾರು 6. ಮೈದಾನದ ನಡುವೆ ಸುಮಾರು 2. ನಿಮ್ಮದೇ ಗೋಲ್ ಗೆರೆಗೆ ಅಂಟಿಕೊಂಡಿದ್ದರೆ ಸೊನ್ನೆಗಿಂತ ಕೆಳಗೆ! ಚೆಂಡು ನಿಮ್ಮ ಕೈಯಲ್ಲಿದ್ದರೂ ಅಲ್ಲಿಂದ ಮುಂದಿನ ಸ್ಕೋರ್ ಎದುರಾಳಿಯದಾಗುವ ಸಂಭವವೇ ಜಾಸ್ತಿ. ಹಾಗಾಗಿ ಅಲ್ಲಿಗೆ ಬೇರೆಯದೇ ನಿಯಮ ಬರೆಯಬೇಕು. ಕ್ವಾರ್ಟರ್‌ಬ್ಯಾಕ್ ಹಿಂದೆ ಹಿಂದೆ ಸರಿದು ಕಾಯುವ ಪ್ಲೇಗಳನ್ನು ಆ ಪಟ್ಟಿಯಿಂದ ತೆಗೆದುಹಾಕಿ. ಅವನನ್ನು ಅವನದೇ ಎಂಡ್ ಝೋನ್‌ನಲ್ಲಿ, ಅಂದರೆ ಗೋಲ್ ಗೆರೆಯ ಹಿಂದಿನ ಜಾಗದಲ್ಲಿ ಕೆಡವಿದರೆ ಎದುರಾಳಿಗೆ 2 ಪಾಯಿಂಟ್ ಸಿಗುತ್ತದೆ, ಜೊತೆಗೆ ಚೆಂಡೂ ಹೋಗುತ್ತದೆ.

ವರ್ಜಿಲ್ ಕಾರ್ಟರ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದರು! ತಂಡದ ಮೊದಲ ಆಯ್ಕೆಯಾಗಿದ್ದ ಗ್ರೆಗ್ ಕುಕ್ ಭುಜದ ಗಾಯದಿಂದ ಹೊರಗುಳಿದಾಗ ಆ ಜಾಗಕ್ಕೆ ಬಂದವರು. ಕುಕ್ ತರಹ ದೂರ ಎಸೆಯುವ ತೋಳು ಕಾರ್ಟರ್‌ಗೆ ಇರಲಿಲ್ಲ. ಆಗ ಅಲ್ಲಿ ಸಹಾಯಕ ಕೋಚ್ ಆಗಿದ್ದ ಬಿಲ್ ವಾಲ್ಶ್ ಇವರಿಗೆ ಒಗ್ಗುವ ಹಾಗೆ ಹತ್ತಿರದ, ಚುರುಕಾದ, ಅಡ್ಡಡ್ಡ ಸಾಗುವ ಪಾಸ್‌ಗಳ ಪ್ಲೇಬುಕ್ ಕಟ್ಟಿದರು. 1971ರಲ್ಲಿ ಇಡೀ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಶೇಕಡಾವಾರು ಪಾಸ್ ಗುರಿ ಮುಟ್ಟಿಸಿದ್ದು ಕಾರ್ಟರ್. ಆ ಪ್ಲೇಬುಕ್ಕೇ ಮುಂದೆ ವೆಸ್ಟ್ ಕೋಸ್ಟ್ ಅಫೆನ್ಸ್ ಎಂದು ಹೆಸರಾಯಿತು. ಸಿಮ್ಯುಲೇಶನ್ ಆಡುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೊದಲು ನಿಮ್ಮ ಆಟಗಾರರ ರೇಟಿಂಗ್ ನೋಡಿ, ಆಮೇಲೆ ಪ್ಲೇ ಆರಿಸಿ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಅಫೆನ್ಸಿವ್ ಲೈನ್‌ಗೆ ಪಾಸ್ ಬ್ಲಾಕಿಂಗ್ ಬರದಿದ್ದರೆ, ಎಷ್ಟೇ ಚೆಂದದ ದೂರದ ಪಾಸ್ ಇದ್ದರೂ ಅದು ಸ್ಯಾಕ್‌ನಲ್ಲಿ, ಅಂದರೆ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಕೆಳಗೆ ಬೀಳುವುದರಲ್ಲಿ ಮುಗಿಯುತ್ತದೆ.

ಬೆರಕೆಯ ಲೆಕ್ಕ

ಈಗ ಇಡೀ ವಿಷಯದ ತಿರುಳಿಗೆ ಬರೋಣ. ಎನ್‌ಎಫ್‌ಎಲ್‌ನಲ್ಲಿ ಒಂದು ರನ್‌ಗೆ ಸರಾಸರಿ ನಾಲ್ಕು ಯಾರ್ಡ್‌ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಒಂದು ಪಾಸ್ ಎಸೆತಕ್ಕೆ ಏಳರ ಆಸುಪಾಸು. ಹಾಗಾದರೆ ಸುಮ್ನೆ ಪಾಸ್ ಮಾಡುತ್ತಲೇ ಇರಬಾರದೇಕೆ? ಕ್ರಿಕೆಟ್ ನೋಡುವವರಿಗೆ ಇದು ತಕ್ಷಣ ಹೊಳೆಯುತ್ತದೆ. ವೇಗದ ಬೌಲರ್‌ನ ಸ್ಲೋವರ್ ಬಾಲ್ ವಿಕೆಟ್ ಕೊಡುವುದು ಬ್ಯಾಟರ್ ವೇಗಕ್ಕೆ ಸಿದ್ಧನಾಗಿ ನಿಂತಿರುವುದರಿಂದ. ಆರೂ ಎಸೆತ ಸ್ಲೋವರ್ ಬಾಲ್ ಆದರೆ ಅದು ಹೊಡೆಸಿಕೊಳ್ಳುವ ಬಾಲ್ ಅಷ್ಟೆ, ಅಲ್ವಾ?

ಅಂಕಿಗಳಲ್ಲಿ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಈ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ನಿಮ್ಮ ಹತ್ತಿರ ಒಂದು ರನ್, ಒಂದು ಪಾಸ್. ಎದುರಾಳಿ ಹತ್ತಿರವೂ ಎರಡೇ ಆಯ್ಕೆ: ರನ್ ತಡೆಯುವ ಡಿಫೆನ್ಸ್, ಪಾಸ್ ತಡೆಯುವ ಡಿಫೆನ್ಸ್. ನೀವು ರನ್ ಮಾಡಿದಾಗ ಅವನೂ ರನ್‌ಗೇ ಸಿದ್ಧನಾಗಿದ್ದರೆ 2 ಯಾರ್ಡ್. ಅವನು ಪಾಸ್‌ಗೆ ಕಾಯುತ್ತಿದ್ದರೆ 6 ಯಾರ್ಡ್. ನೀವು ಪಾಸ್ ಮಾಡಿದಾಗ ಅವನು ರನ್‌ಗೆ ಕಾಯುತ್ತಿದ್ದರೆ 10 ಯಾರ್ಡ್, ಪಾಸ್‌ಗೆ ಕಾಯುತ್ತಿದ್ದರೆ 4.

ಬರೀ ಪಾಸ್ ಮಾಡಿದರೆ? ಎದುರಾಳಿ ಎರಡು ಪಂದ್ಯದಲ್ಲಿ ಗುರುತಿಸಿ, ಸದಾ ಪಾಸ್ ಡಿಫೆನ್ಸ್ ಹಾಕುತ್ತಾನೆ. ನಿಮಗೆ 4. ಬರೀ ರನ್ ಮಾಡಿದರೆ 2. ಈಗ ನೂರಕ್ಕೆ 60 ಸಲ ರನ್, 40 ಸಲ ಪಾಸ್ ಮಾಡಿ ನೋಡಿ. ಅವನು ರನ್ ಡಿಫೆನ್ಸ್ ಹಾಕಿದರೆ 60% ಸಲ 2, 40% ಸಲ 10, ಒಟ್ಟು 5.2. ಅವನು ಪಾಸ್ ಡಿಫೆನ್ಸ್ ಹಾಕಿದರೆ 60% ಸಲ 6, 40% ಸಲ 4, ಒಟ್ಟು ಮತ್ತೆ 5.2. ಅವನು ಏನೇ ಮಾಡಿದರೂ ನಿಮಗೆ 5.2 ಯಾರ್ಡ್. ನಿಮ್ಮ ಪ್ಲಾನನ್ನು ಅವನಿಗೆ ಮೊದಲೇ ಓದಿ ಹೇಳಿದರೂ ಅವನೇನೂ ಮಾಡಲಾರ. ಯಾವ ಪ್ಲೇ ಯಾವಾಗ ಬರುತ್ತದೆ ಅಂತ ಮಾತ್ರ ಅವನಿಗೆ ಗೊತ್ತಾಗಬಾರದು. ಇಂಥ ಆಟಗಳಲ್ಲಿ ಹೀಗೊಂದು ಬೆರಕೆ ಇದ್ದೇ ಇರುತ್ತದೆ ಎಂದು ಜಾನ್ ಫಾನ್ ನಾಯ್ಮನ್ 1928ರಲ್ಲೇ ಗಣಿತದಿಂದ ಸಾಧಿಸಿ ತೋರಿಸಿದ್ದರು.

ಇಲ್ಲಿ ಗಮನಿಸಿ: ಎರಡರಲ್ಲಿ ಬಲವಾದದ್ದು ಪಾಸ್, ಆದರೂ ಜಾಸ್ತಿ ಸಲ ಬಂದದ್ದು ರನ್. ರನ್ ತಾನಾಗಿ ತರುವ ಯಾರ್ಡ್‌ಗಿಂತ, ಎದುರಾಳಿಯನ್ನು ಒಂದು ಕಡೆ ಪೂರ್ತಿ ವಾಲದಂತೆ ತಡೆಯುವುದೇ ಅದರ ದೊಡ್ಡ ಕೆಲಸ.

ಇನ್ನೂ ಸ್ವಾರಸ್ಯದ್ದು ಮುಂದಿದೆ. ನೀವು ಪಾಸ್ ಹಿಡಿಯುವ ಒಬ್ಬ ಮಿಂಚಿನ ವೇಗದ ರಿಸೀವರ್‌ನನ್ನು ತಂಡಕ್ಕೆ ತಂದಿರಿ. ಎದುರಾಳಿ ರನ್‌ಗೆ ಕಾಯುತ್ತಿರುವಾಗ ಪಾಸ್ ಮಾಡಿದರೆ ಈಗ 10 ಅಲ್ಲ, 13 ಯಾರ್ಡ್. ಉಳಿದ ಮೂರು ಅಂಕಿ ಹಾಗೇ ಇವೆ. ಈಗ ಪಾಸ್ ಜಾಸ್ತಿ ಮಾಡಬೇಕು ಅನಿಸುತ್ತದೆ. ಲೆಕ್ಕ ಹಾಕಿದರೆ ಉತ್ತರ ಉಲ್ಟಾ: ರನ್ 60ರಿಂದ ಸುಮಾರು 69%ಗೆ ಏರಬೇಕು! ಯಾಕೆಂದರೆ ಆ ರಿಸೀವರ್‌ಗೆ ಹೆದರಿ ಎದುರಾಳಿ ಇನ್ನೂ ಹಿಂದೆ ಸರಿದು ನಿಲ್ಲುತ್ತಾನೆ, ಮುಂದೆ ಜಾಗ ಬಿಟ್ಟುಕೊಡುತ್ತಾನೆ. ಆ ಜಾಗದಲ್ಲಿ ಓಡಬೇಕು. ಸರಾಸರಿ 5.2ರಿಂದ ಸುಮಾರು 5.4ಕ್ಕೆ ಏರುತ್ತದೆ. ಅದೇ ನಿಮ್ಮ ಹೊಸ ಆಟಗಾರ ಬೇರೆ ಬಗೆಯವನು ಅಂದುಕೊಳ್ಳಿ. ಜನ ಮುತ್ತಿಕೊಂಡಿದ್ದರೂ ಚೆಂಡು ಹಿಡಿಯುವ ಗಟ್ಟಿ ಟೈಟ್ ಎಂಡ್. ಪಾಸ್ ಡಿಫೆನ್ಸ್ ಎದುರು 4 ಇದ್ದದ್ದು 5 ಆಯಿತು. ಆಗ ರನ್ ಸುಮಾರು 56%ಗೆ ಇಳಿಯಬೇಕು, ಪಾಸ್ ಏರಬೇಕು. ಇಬ್ಬರೂ ಪಾಸ್ ಹಿಡಿಯುವವರೇ. ಒಬ್ಬ ಬಂದರೆ ರನ್ ಜಾಸ್ತಿ, ಇನ್ನೊಬ್ಬ ಬಂದರೆ ಪಾಸ್ ಜಾಸ್ತಿ. ಹೊಸ ಆಟಗಾರ ಬಂದ ತಕ್ಷಣ ಅವನ ಕಡೆಗೇ ಚೆಂಡು ಎಸೆಯುತ್ತಾ ಹೋಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ನಿಜವಾದ ಆಟದಲ್ಲಿ ಎರಡಲ್ಲ, ನೂರಾರು ಪ್ಲೇಗಳಿರುತ್ತವೆ. ಆದರೂ ತರ್ಕ ಇದೇ. ಮತ್ತು ಈ ಬೆರಕೆ ಪ್ರತಿ ಸ್ಥಿತಿಗೂ ಬೇರೆ ಬೇರೆ ಇರಬೇಕು. ಇಡೀ ಪಂದ್ಯದಲ್ಲಿ 50-50 ಅಂತ ಹೆಮ್ಮೆಪಟ್ಟುಕೊಳ್ಳುವ ತಂಡ, ಮೊದಲ ಡೌನ್‌ನಲ್ಲಿ 80% ರನ್, ಮೂರನೆಯದರಲ್ಲಿ 90% ಪಾಸ್ ಮಾಡುತ್ತಿದ್ದರೆ ಅದು ತೆರೆದ ಪುಸ್ತಕ.

ಗುಟ್ಟು ಬಿಟ್ಟುಕೊಡುವುದು ಡೌನ್ ಒಂದೇ ಅಲ್ಲ, ಯಾರನ್ನು ಮೈದಾನಕ್ಕೆ ಇಳಿಸುತ್ತೀರಿ ಅನ್ನುವುದು ಕೂಡ. ಕೋಚ್‌ಗಳು ಇದಕ್ಕೆ ಎರಡಂಕಿಯ ಸಂಖ್ಯೆ ಬಳಸುತ್ತಾರೆ. ಕ್ವಾರ್ಟರ್‌ಬ್ಯಾಕ್ ಮತ್ತು ಲೈನ್‌ನ ಐವರನ್ನು ಬಿಟ್ಟರೆ ಉಳಿಯುವುದು ಐದು ಜನ. ಮೊದಲ ಅಂಕಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳದ್ದು, ಎರಡನೆಯದು ಟೈಟ್ ಎಂಡ್‌ಗಳದ್ದು, ಆ ಐದರಲ್ಲಿ ಉಳಿದವರು ವೈಡ್ ರಿಸೀವರ್. 11 ಅಂದರೆ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. 22 ಅಂದರೆ ಇಬ್ಬಿಬ್ಬರು, ಒಬ್ಬನೇ ರಿಸೀವರ್. ಸಿಮ್ಯುಲೇಶನ್‌ನಲ್ಲಿ ಎದುರಾಳಿಯ ನಿಯಮಗಳು ಸಾಮಾನ್ಯವಾಗಿ ಮೊದಲು ನೋಡುವುದೇ ಇದನ್ನು. 22 ಬಂದಾಗಲೆಲ್ಲ ನೀವು ಓಡಿದರೆ, 22 ಕಂಡ ಕೂಡಲೇ ರನ್ ಡಿಫೆನ್ಸ್ ಅಂತ ಅವನು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾನೆ. ಆದ್ದರಿಂದ ಪ್ರತಿ ಗುಂಪಿನಿಂದಲೂ ಒಂದೆರಡು ರನ್, ಒಂದೆರಡು ಪಾಸ್ ಇರಲಿ. ಪ್ಲೇಬುಕ್ ಚಿಕ್ಕದಿದ್ದರೂ ಪರವಾಗಿಲ್ಲ. ನಾಲ್ಕು ಗುಂಪುಗಳಿಂದ ಒಂದೊಂದೇ ಪ್ಲೇ ಇರುವುದಕ್ಕಿಂತ, ಎರಡು ಗುಂಪುಗಳಿಂದ ನಾಲ್ಕು ನಾಲ್ಕು ಇರುವುದು ಎಷ್ಟೋ ಮೇಲು.

ನಿಯಮಗಳ ಸಾಲು

ಬಹಳಷ್ಟು ಆಟಗಳಲ್ಲಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಮೊದಲು ಹೊಂದಿದ್ದು ಯಾವುದೋ ಅದೇ ಜಾರಿ. ಅದರ ಕೆಳಗಿನದು ಎಷ್ಟೇ ಸರಿಯಾಗಿದ್ದರೂ ಅದರ ಸರದಿ ಬರುವುದಿಲ್ಲ. ಪ್ಲಾನ್ ಕೆಡುವುದು ಹೆಚ್ಚಾಗಿ ಇಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಲಿನ ಸಾಲು: "ಎರಡನೇ ಡೌನ್, 10 ಯಾರ್ಡ್‌ಗಿಂತ ಜಾಸ್ತಿ ಬೇಕು: ಮಧ್ಯಮ ದೂರದ ಪಾಸ್." ಅದರ ಕೆಳಗಿನ ಸಾಲು: "8 ಪಾಯಿಂಟ್‌ವರೆಗೆ ಮುನ್ನಡೆ, 5 ನಿಮಿಷದೊಳಗೆ, ಎದುರಾಳಿಯ 30 ಯಾರ್ಡ್ ಗೆರೆಯ ಒಳಗೆ: ರನ್ ಮಾತ್ರ." ಎರಡೂ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇವೆ. ಈಗ ಈ ಎರಡೂ ಹೊಂದುವ ಸ್ಥಿತಿ ಬಂದರೆ ಏನಾಗುತ್ತದೆ? ಇದನ್ನು ಊಹಿಸಬೇಕಾಗಿಯೇ ಇಲ್ಲ. 2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಹೆಚ್ಚುಕಮ್ಮಿ ಇದೇ ಸ್ಥಿತಿ ಬಂದಿತ್ತು.

ಅಟ್ಲಾಂಟಾ ಫಾಲ್ಕನ್ಸ್ ಒಂದು ಹಂತದಲ್ಲಿ 28-3 ಮುಂದಿತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅದನ್ನು 28-20ಕ್ಕೆ ತಂದಿತು. ಆಗ ಫಾಲ್ಕನ್ಸ್‌ನ ಹೂಲಿಯೋ ಜೋನ್ಸ್ ಗೆರೆಯ ಅಂಚಿನಲ್ಲಿ ಒಂದು ಅದ್ಭುತ ಕ್ಯಾಚ್ ಹಿಡಿದರು. ಚೆಂಡು ಎದುರಾಳಿಯ 22 ಯಾರ್ಡ್ ಗೆರೆಯಲ್ಲಿ, ಉಳಿದದ್ದು 4 ನಿಮಿಷ 40 ಸೆಕೆಂಡ್. ಫೀಲ್ಡ್ ಗೋಲ್‌ನ ದೂರ ಬೇಕಾದರೆ ಚೆಂಡಿರುವ ಗೆರೆಗೆ 17 ಅಥವಾ 18 ಸೇರಿಸಬೇಕು. ಅಂದರೆ ಸುಮಾರು 40 ಯಾರ್ಡ್‌ನ ಒದೆತ. ಎನ್‌ಎಫ್‌ಎಲ್ ಒದೆಗಾರರಿಗೆ ಅದು ಸಲೀಸು. ಮೂರು ಸಲ ಓಡಿ, ಒಂದು ಯಾರ್ಡೂ ಬರದೆ ಹೋದರೂ, ಗಡಿಯಾರ ಕರಗಿಸಿ ಒದ್ದಿದ್ದರೆ 31-20. ಆಮೇಲೆ ಪೇಟ್ರಿಯಟ್ಸ್ ಎರಡು ಸಲ ಸ್ಕೋರ್ ಮಾಡಬೇಕಿತ್ತು. ಫಾಲ್ಕನ್ಸ್ ಮೊದಲ ಡೌನ್‌ನಲ್ಲಿ ಓಡಿದರು, ಒಂದು ಯಾರ್ಡ್ ನಷ್ಟ. ಎರಡನೇ ಡೌನ್, 11 ಯಾರ್ಡ್ ಬೇಕು. ಪಾಸ್‌ಗೆ ಕರೆ ಹೋಯಿತು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಹಿಂದೆ ಸರಿದರು, ಟ್ರೇ ಫ್ಲವರ್ಸ್ ಅವರನ್ನು ಕೆಡವಿದರು. 12 ಯಾರ್ಡ್ ಹೋಯಿತು. ಅದರ ಹಿಂದೆಯೇ ಎದುರಾಳಿಯನ್ನು ಹಿಡಿದೆಳೆದದ್ದಕ್ಕೆ ಹೋಲ್ಡಿಂಗ್ ಪೆನಾಲ್ಟಿ, ಇನ್ನೊಂದು 10. ಚೆಂಡು 45 ಯಾರ್ಡ್ ಗೆರೆಗೆ ಬಂದು ನಿಂತಿತು. ಒದೆಯುವ ದೂರವೂ ದಾಟಿ ಹೋಗಿ, ಕೊನೆಗೆ ಪಂಟ್. ಪೇಟ್ರಿಯಟ್ಸ್ 28-28 ಮಾಡಿ, ಓವರ್‌ಟೈಮ್‌ನಲ್ಲಿ 34-28ರಿಂದ ಗೆದ್ದಿತು.

ಎರಡನೇ ಡೌನ್‌ಗೆ 11 ಬೇಕಿದ್ದಾಗ ಪಾಸ್ ಮಾಡುವುದು ಬೇರೆ ಯಾವ ಹೊತ್ತಿನಲ್ಲಾದರೂ ಸರಿಯೇ. ಆ ಹೊತ್ತಿಗೆ ಬೇಕಿದ್ದದ್ದು ಯಾರ್ಡ್ ಅಲ್ಲ, ನಷ್ಟವಾಗದೆ ಸಮಯ ಕಳೆಯುವುದು. ಹಾಗಾಗಿ ಸಾಲಿನ ಕ್ರಮ ಹೀಗಿರಲಿ: ಗಡಿಯಾರ ಮತ್ತು ಸ್ಕೋರ್ ನೋಡುವ ನಿಯಮಗಳು ಎಲ್ಲಕ್ಕಿಂತ ಮೇಲೆ. ಆಮೇಲೆ ಮೈದಾನದ ಎರಡು ತುದಿಗಳ ನಿಯಮಗಳು, ಅಂದರೆ ನಿಮ್ಮ 10 ಯಾರ್ಡ್ ಒಳಗೆ ಮತ್ತು ಅವರ 10 ಯಾರ್ಡ್ ಒಳಗೆ. ಕೊನೆಗೆ ಮಾಮೂಲಿ ಡೌನ್ ಮತ್ತು ದೂರದ ನಿಯಮಗಳು. ಎಲ್ಲಕ್ಕೂ ಕೆಳಗೆ ಯಾವುದಕ್ಕೂ ಹೊಂದದ ಸ್ಥಿತಿಗೆಂದೇ ಒಂದು ಸಾಲು. ಇದನ್ನು ಬಿಟ್ಟರೆ ಆ ಖಾಲಿ ಜಾಗವನ್ನು ಆಟದ ಡೀಫಾಲ್ಟ್ ತುಂಬುತ್ತದೆ.

ಹಿಂದೆ ಬಿದ್ದಾಗಿನ ಗಡಿಯಾರದ ಲೆಕ್ಕ ಬೇರೆ. 2015ರ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಸೀಹಾಕ್ಸ್ 24-28 ಹಿಂದಿತ್ತು. ಎರಡನೇ ಡೌನ್, ಚೆಂಡು 1 ಯಾರ್ಡ್ ಗೆರೆಯಲ್ಲಿ, 26 ಸೆಕೆಂಡ್, ಗಡಿಯಾರ ನಿಲ್ಲಿಸಲು ಒಂದೇ ಟೈಮ್‌ಔಟ್. ಮಾರ್ಷಾನ್ ಲಿಂಚ್‌ನಂಥ ಬಲಶಾಲಿ ಓಟಗಾರ ಇದ್ದರೂ ಪಾಸ್ ಎಸೆದರು. ಎದುರು ತಂಡದ ಮಾಲ್ಕಮ್ ಬಟ್ಲರ್ ಅದನ್ನು ಕಸಿದುಕೊಂಡರು, ಪಂದ್ಯ ಹೋಯಿತು. ಇದನ್ನು ಬಹಳ ಜನ ಮೂರ್ಖತನ ಎಂದರು. ನನಗೆ ಹಾಗನ್ನಿಸುವುದಿಲ್ಲ. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ರನ್ ತಡೆದರೆ ಗಡಿಯಾರ ಓಡುತ್ತಲೇ ಇರುತ್ತದೆ, ಇದ್ದ ಒಂದು ಟೈಮ್‌ಔಟ್ ಅಲ್ಲೇ ಖರ್ಚು. ಮೂರು ಅವಕಾಶವನ್ನೂ ಬಳಸಬೇಕೆಂದರೆ ನಡುವೆ ಒಂದಾದರೂ ಪಾಸ್ ಬೇಕೇ ಬೇಕಿತ್ತು. ಚರ್ಚೆ ಆಗಬೇಕಾದದ್ದು ಎಂಥ ಪಾಸ್ ಅನ್ನುವುದರ ಬಗ್ಗೆ. ಜನಸಂದಣಿಯ ಒಳಕ್ಕೆ ಎಸೆಯುವುದರ ಬದಲು, ಸಿಗದಿದ್ದರೆ ಯಾರಿಗೂ ಸಿಗದ ಹಾಗೆ ಮೂಲೆಗೆ ಎಸೆಯುವ ಪ್ಲೇಯನ್ನು ನಾನಾದರೆ ಆ ನಿಯಮಕ್ಕೆ ಬರೆಯುತ್ತೇನೆ.

ಎದುರಾಳಿಯನ್ನು ಓದುವುದು

ಸಿಮ್ಯುಲೇಶನ್ ಲೀಗ್‌ಗಳಲ್ಲಿ ಹಿಂದಿನ ಪಂದ್ಯಗಳ ಪ್ಲೇ ಬೈ ಪ್ಲೇ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಇದಕ್ಕಿಂತ ದೊಡ್ಡ ನಿಧಿ ಇಲ್ಲ. ಎದುರಾಳಿಯ ಕೊನೆಯ ಮೂರ್ನಾಲ್ಕು ಪಂದ್ಯ ತೆಗೆದು ಎರಡು ವಿಷಯ ನೋಡಿ. ಮೂರನೇ ಡೌನ್‌ಗೆ ಜಾಸ್ತಿ ದೂರ ಇದ್ದಾಗ ಅವನು ಬ್ಲಿಟ್ಜ್ ಮಾಡುತ್ತಾನಾ, ಅಂದರೆ ಹೆಚ್ಚುವರಿ ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುತ್ತಾನಾ? ಮಾಡಿದರೆ ಹಿಂದೆ ಜಾಗ ಖಾಲಿ. ನುಗ್ಗಿದವರ ತಲೆ ಮೇಲಿಂದ ಹತ್ತಿರಕ್ಕೇ ಎಸೆಯುವ ಸ್ಕ್ರೀನ್ ಪಾಸ್, ಓರೆಯಾಗಿ ಒಳಕ್ಕೆ ಓಡುವವನಿಗೆ ಎಸೆಯುವ ಚುರುಕಾದ ಸ್ಲ್ಯಾಂಟ್ ಎರಡಕ್ಕೂ ಇದೇ ಹೊತ್ತು. ಎರಡನೆಯದು, ಹಿಂದೆ ಕಾವಲಿಗೆ ಎಷ್ಟು ಜನ? ಇಬ್ಬರು ಸೇಫ್ಟಿಗಳು ಆಳದಲ್ಲಿ ನಿಂತಿದ್ದರೆ ಅದು ಕವರ್ 2. ಮುಂದೆ ಜನ ಕಡಿಮೆ, ಹಾಗಾಗಿ ರನ್ ಒಳ್ಳೆಯದು. ಪಾಸ್ ಬೇಕೆಂದರೆ ಇಬ್ಬರ ನಡುವಿನ ಬಿರುಕಿಗೆ. ಮೂವರು ಆಳವನ್ನು ಹಂಚಿಕೊಂಡಿದ್ದರೆ ಕವರ್ 3. ಆಗ ಎರಡೂ ಬದಿಯ ಹತ್ತಿರದ ಜಾಗ ಸಡಿಲ. ಒಬ್ಬೊಬ್ಬರಿಗೆ ಒಬ್ಬೊಬ್ಬರು ಅಂಟಿಕೊಂಡಿದ್ದರೆ ಅಡ್ಡಡ್ಡ ಹಾಯುವ ರೂಟ್‌ಗಳಿಗೆ (ರಿಸೀವರ್ ಓಡುವ ದಾರಿಗಳಿಗೆ) ಬೆಲೆ ಜಾಸ್ತಿ.

ಪ್ಲೇ ಆಕ್ಷನ್ ಬಗ್ಗೆ ಒಂದು ಎಚ್ಚರಿಕೆ. ರನ್ ಮಾಡುವಂತೆ ನಟಿಸಿ ಪಾಸ್ ಮಾಡುವ ಪ್ಲೇ ಇದು. "ಮೊದಲು ಚೆನ್ನಾಗಿ ಓಡಿ, ಆಮೇಲೆ ಪ್ಲೇ ಆಕ್ಷನ್ ಕೆಲಸ ಮಾಡುತ್ತದೆ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಎನ್‌ಎಫ್‌ಎಲ್ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ ವಿಶ್ಲೇಷಕರಿಗೆ, ತಂಡ ಎಷ್ಟು ಸಲ ಓಡಿತು ಅನ್ನುವುದಕ್ಕೂ ಪ್ಲೇ ಆಕ್ಷನ್ ಗೆಲ್ಲುವುದಕ್ಕೂ ನಂಟು ಸಿಕ್ಕಿಲ್ಲ. ನಿಮ್ಮ ಆಟದಲ್ಲಿ ಹೇಗಿದೆ ಅನ್ನುವುದು ಅದರ ಕೋಡ್ ಬರೆದವರ ಕೈಯಲ್ಲಿದೆ. ಮೈದಾನದ ಗಾದೆಮಾತುಗಳನ್ನು ನಂಬುವ ಬದಲು ಪಟ್ಟಿ ತೆಗೆದು ಎಣಿಸಿ.

ಎಣಿಸುವಾಗ ತಾಳ್ಮೆ ಬೇಕು. ಎರಡರಲ್ಲಿ ಒಂದು ಸಲ ಗೆಲ್ಲುವ ಮಾಮೂಲಿ ಪ್ಲೇಯನ್ನು ಹತ್ತು ಸಲ ಆಡಿಸಿದರೆ, ಅದು ಏಳು ಅಥವಾ ಅದಕ್ಕಿಂತ ಜಾಸ್ತಿ ಸಲ ಗೆಲ್ಲುವ ಸಂಭವ 17%. ಅಂದರೆ ನಿಮ್ಮ ಪ್ಲೇಬುಕ್‌ನಲ್ಲಿ ಅಂಥ ಆರು ಸಾಧಾರಣ ಪ್ಲೇಗಳಿದ್ದರೆ, ಅವುಗಳಲ್ಲಿ ಸರಾಸರಿ ಒಂದು ಬರೀ ಅದೃಷ್ಟದಿಂದಲೇ ಬ್ರಹ್ಮಾಸ್ತ್ರದಂತೆ ಕಾಣುತ್ತದೆ. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವುದು ಅರವತ್ತು ಚಿಲ್ಲರೆ ಪ್ಲೇಗಳು. ಅದರಲ್ಲಿ ಮೂರನೇ ಡೌನ್ ಮತ್ತು 2 ಯಾರ್ಡ್‌ನಂಥ ಸ್ಥಿತಿ ಬರುವುದು ಬೆರಳೆಣಿಕೆಯಷ್ಟು. ಒಂದು ಸೋಲಿಗೆ ಇಡೀ ಪ್ಲಾನ್ ಹರಿದು ಎಸೆಯುವವರನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ನಾಲ್ಕೈದು ಪಂದ್ಯ ಬಿಟ್ಟು ನೋಡಿ.

ಇಲ್ಲಿ ಬಿಲ್ ವಾಲ್ಶ್ ಮತ್ತೆ ನೆನಪಾಗುತ್ತಾರೆ. 1979ರಿಂದ 1988ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಕೋಚ್ ಆಗಿ ಮೂರು ಸೂಪರ್ ಬೌಲ್ ಗೆದ್ದರು. ಪಂದ್ಯದ ಮೊದಲ 25 ಪ್ಲೇಗಳನ್ನು ಅವರು ಮೊದಲೇ ಬರೆದಿಡುತ್ತಿದ್ದರು. ಕಿರುಚಾಟದ ನಡುವೆ ಯೋಚಿಸುವುದಕ್ಕಿಂತ, ವಾರದ ನಡುವೆ ತಣ್ಣಗೆ ಕೂತು ಯೋಚಿಸಿದ್ದು ಮೇಲು ಎಂಬುದು ಅವರ ನಂಬಿಕೆ. ಇನ್ನೊಂದು ಲಾಭವೂ ಇತ್ತು. ಬೇರೆ ಬೇರೆ ಗುಂಪು, ಬೇರೆ ಬೇರೆ ಫಾರ್ಮೇಶನ್ ತೋರಿಸಿ, ಎದುರಾಳಿ ಹೇಗೆ ನಿಲ್ಲುತ್ತಾನೆ ಅಂತ ಮೊದಲೇ ತಿಳಿದುಕೊಳ್ಳಬಹುದಿತ್ತು. ಒಂದೇ ಎದುರಾಳಿಯನ್ನು ಸೀಸನ್‌ನಲ್ಲಿ ಎರಡು ಸಲ ಎದುರಿಸುವ ಲೀಗ್‌ಗಳಲ್ಲಿ ನೀವೂ ಹೀಗೆ ಮಾಡಬಹುದು. ಮೊದಲ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ನಾಲ್ಕೈದು ಗುಂಪುಗಳನ್ನು ತೋರಿಸಿ. ಅವನ ನಿಯಮಗಳು ಯಾವುದಕ್ಕೆ ಹೇಗೆ ಉತ್ತರ ಕೊಟ್ಟವು ಎಂದು ಪಟ್ಟಿಯಲ್ಲಿ ಓದಿ, ಎರಡನೇ ಪಂದ್ಯಕ್ಕೆ ಪ್ಲಾನ್ ಬರೆಯಿರಿ.

ನಾಲ್ಕನೇ ಡೌನ್ ಮತ್ತು ಕೊನೆಯ ನಿಯಮ

ನಾಲ್ಕನೇ ಡೌನ್ ಸೆಟ್ಟಿಂಗನ್ನು ಡೀಫಾಲ್ಟ್‌ಗೆ ಬಿಡುವವರು ಬಹಳ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರ ಪ್ರಬಂಧದಲ್ಲಿ, ಎನ್‌ಎಫ್‌ಎಲ್ ತಂಡಗಳು ಒದೆಯಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸಲ ಒದೆಯುತ್ತಿವೆ ಎಂದು ತೋರಿಸಿದರು. ನಮ್ಮ ಕಾರ್ಟರ್-ಮೇಕಾಲ್ ಪಟ್ಟಿಯಿಂದಲೇ ನೋಡಬಹುದು. ನಾಲ್ಕನೇ ಡೌನ್, 1 ಯಾರ್ಡ್ ಬೇಕು, ಚೆಂಡು ಎದುರಾಳಿಯ 40ರಲ್ಲಿ. ಮೂರರಲ್ಲಿ ಎರಡು ಸಲ ಆ ಯಾರ್ಡ್ ಸಿಗುತ್ತದೆ ಅಂದುಕೊಳ್ಳಿ. ಸಿಕ್ಕರೆ ಆ ಜಾಗದ ಬೆಲೆ ಸುಮಾರು 2.8 ಪಾಯಿಂಟ್. ಸಿಗದಿದ್ದರೆ ಎದುರಾಳಿಗೆ ಅಲ್ಲಿಂದ ಸುಮಾರು 1.2. ಕೂಡಿಸಿ ಕಳೆದರೆ ನಿಮಗೆ ಸುಮಾರು ಒಂದೂವರೆ ಪಾಯಿಂಟ್ ಲಾಭ. ಪಂಟ್ ಮಾಡಿ ಅವರನ್ನು 15 ಯಾರ್ಡ್‌ಗೆ ತಳ್ಳಿದರೆ ಸಿಗುವುದು ಸುಮಾರು ಅರ್ಧ ಪಾಯಿಂಟ್. ಒಂದು ಸಲ ಈ ಸಾಲು ಬದಲಿಸಿದರೆ ಇಡೀ ಸೀಸನ್ ಅದರ ಲಾಭ ಬರುತ್ತಲೇ ಇರುತ್ತದೆ. ಇನ್ನೊಂದು ಅನುಕೂಲವೂ ಇದೆ. ನಾಲ್ಕನೆಯದರಲ್ಲೂ ಆಡುತ್ತೇನೆ ಅಂತ ಗೊತ್ತಿದ್ದರೆ, ಮೂರನೇ ಡೌನ್‌ಗೆ 5 ಬೇಕಿದ್ದಾಗ ಪೂರ್ತಿ 5ಕ್ಕೇ ಹೋಗಬೇಕೆಂದಿಲ್ಲ. ನಾಲ್ಕು ಬಂದರೂ ಸಾಕು. ಎದುರಾಳಿ ಪಾಸ್‌ಗೆ ಕಾಯುತ್ತಿರುವ ಆ ಹೊತ್ತಿನಲ್ಲಿ ರನ್‌ಗೂ ಜಾಗ ಸಿಗುತ್ತದೆ.

ಸಾಲಿನ ತೀರಾ ಮೇಲೆ, ಒಂದನೇ ನಂಬರ್‌ನಲ್ಲಿ ಇರಬೇಕಾದ ನಿಯಮವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. 1978ರ ನವೆಂಬರ್ 19ರಂದು ನ್ಯೂಯಾರ್ಕ್ ಜೈಂಟ್ಸ್ 17-12 ಮುಂದಿತ್ತು. ಅರ್ಧ ನಿಮಿಷ ಬಾಕಿ, ಚೆಂಡು ಜೈಂಟ್ಸ್ ಕೈಯಲ್ಲೇ, ಫಿಲಡೆಲ್ಫಿಯಾ ಈಗಲ್ಸ್‌ಗೆ ಟೈಮ್‌ಔಟ್ ಉಳಿದಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಕೆಳಗೆ ಬಿದ್ದಿದ್ದರೆ ಪಂದ್ಯ ಮುಗಿಯುತ್ತಿತ್ತು. ಬದಲಿಗೆ ರನ್‌ಗೆ ಕರೆ ಬಂತು. ಜೋ ಪಿಸಾರ್ಚಿಕ್ ಕೈಯಿಂದ ಲ್ಯಾರಿ ಜೋಂಕಾಗೆ ಹೋಗಬೇಕಿದ್ದ ಚೆಂಡು ನೆಲಕ್ಕೆ ಬಿತ್ತು. ಹರ್ಮನ್ ಎಡ್ವರ್ಡ್ಸ್ ಅದನ್ನೆತ್ತಿಕೊಂಡು 26 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಈಗಲ್ಸ್ 19-17. ಮರುದಿನವೇ ಜೈಂಟ್ಸ್‌ನ ಅಫೆನ್ಸಿವ್ ಕೋಆರ್ಡಿನೇಟರ್ ಕೆಲಸ ಹೋಯಿತು. ಅಲ್ಲಿಂದೀಚೆಗೆ ಇಂಥ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಮಂಡಿಯೂರಿ ಪ್ಲೇ ಮುಗಿಸುವುದೇ ಎಲ್ಲ ತಂಡಗಳ ಪದ್ಧತಿ.

ಲೆಕ್ಕ ಸುಲಭ. ಎರಡು ಪ್ಲೇಗಳ ನಡುವೆ 40 ಸೆಕೆಂಡ್ ಕಳೆಯಬಹುದು. ಎದುರಾಳಿಗೆ ಟೈಮ್‌ಔಟ್ ಇಲ್ಲದಿದ್ದರೆ ಮೂರು ಸಲ ಮಂಡಿಯೂರಿದರೆ ಎರಡು ನಿಮಿಷ ಹೋಗುತ್ತದೆ. ಅವನ ಹತ್ತಿರ ಇರುವ ಒಂದೊಂದು ಟೈಮ್‌ಔಟ್‌ಗೂ ಅದರಿಂದ 40 ಸೆಕೆಂಡ್ ಕಳೆಯಿರಿ. ಹಾಗಾಗಿ ಮೂರು ಸಾಲು ಬರೆಯಿರಿ: ಮುನ್ನಡೆ ಇದ್ದು, ಮೊದಲ ಡೌನ್ ಆಗಿದ್ದು, ಅವನಿಗೆ ಟೈಮ್‌ಔಟ್ ಇಲ್ಲದಿದ್ದರೆ 2 ನಿಮಿಷದೊಳಗೆ, ಒಂದಿದ್ದರೆ 80 ಸೆಕೆಂಡ್‌ನೊಳಗೆ, ಎರಡಿದ್ದರೆ 40 ಸೆಕೆಂಡ್‌ನೊಳಗೆ, ಮಂಡಿಯೂರು. ಎರಡನೇ, ಮೂರನೇ ಡೌನ್‌ಗೂ ಇದೇ ರೀತಿ ಒಂದೊಂದು ಅವಕಾಶ ಕಡಿಮೆ ಮಾಡಿ ಬರೆದುಕೊಳ್ಳಿ. ನಿಮ್ಮ ಆಟದಲ್ಲಿ ಮಂಡಿಯೂರುವ ಪ್ಲೇ ತಾನಾಗಿಯೇ ಬರುತ್ತದಾ, ನೀವೇ ಸೇರಿಸಬೇಕಾ ಅನ್ನುವುದನ್ನು ಸೀಸನ್ ಶುರುವಾಗುವ ಮೊದಲೇ ನೋಡಿಟ್ಟುಕೊಳ್ಳಿ.